ಬಾಯ್ಲರ್ ಸೂಟೂ ಬಾಗಿಲ ಚಿಲಕವೂ

ಕಳೆದ ವಾರ ಮಗಳು ಆನ್‌ಲೈನಿನಲ್ಲಿ ಜಂಪ್‌ಸೂಟ್ ತರಿಸಿಕೊಂಡಳು. ಅಂಗಿಯೂ ಪ್ಯಾಂಟೂ ಒಂದೇ ಆಗಿ ಹೊಲಿದ ಬಟ್ಟೆ, ಕತ್ತಿನಿಂದ ಕೆಳಗಿನವರೆಗೆ ಜಿಪ್. ಹಾಕಿಕೊಂಡು ಕನ್ನಡಿ ಮುಂದೆ ತಿರುಗಿ, "ಚೆನ್ನಾಗಿದೆ ಕಣಮ್ಮಾ, ಆದ್ರೆ ಬಾತ್‌ರೂಮಿಗೆ ಹೋಗ್ಬೇಕಂದ್ರೆ ಪೂರ್ತಿ ಬಿಚ್ಚಬೇಕು," ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಗಂಜಿ ಬಿಡದ ಹೊಸ ಬಟ್ಟೆಯ ವಾಸನೆ ಮೂಗಿಗೆ ಬಡಿದಿತ್ತು...

ಐಟಿಐ ಮುಗಿಸಿ ಸುಂಕದಕಟ್ಟೆಯ ಲೇತ್ ಶೆಡ್ಡಿಗೆ ಸೇರಿದಾಗ ಅಲ್ಲಿದ್ದ ಹೆಣ್ಣು ನಾನೊಬ್ಬಳೇ. ಮೊದಲ ದಿನವೇ ಫೋರ್‌ಮನ್ ನನಗೊಂದು ನೀಲಿ ಬಾಯ್ಲರ್ ಸೂಟು ಕೊಟ್ಟರು, ಅಂಗಿ ಪ್ಯಾಂಟು ಒಂದೇ ಆದದ್ದು. ಅದಕ್ಕೂ ಇದೇ ವಾಸನೆ. ಜೋತಾಡುವ ಅಂಚಿಲ್ಲ, ತಿರುಗುವ ಮೆಶೀನಿಗೆ ಹಿಡಿಯಲು ಏನೂ ಸಿಗುವುದಿಲ್ಲ ಎಂದು ತಮ್ಮ ಮೈಮೇಲಿನದನ್ನೇ ತೋರಿಸಿ ವಿವರಿಸಿದರು. ನಾನು ಅದನ್ನು ಮಡಚಿ ಬ್ಯಾಗಿನಲ್ಲಿಟ್ಟೆ. ಚೂಡಿದಾರದಲ್ಲೇ ಕೆಲಸ ಮಾಡಿದೆ.

ದಿನಾ ಬೈದರು. ಕೊನೆಗೊಮ್ಮೆ, "ಏನಮ್ಮಾ, ಫ್ಯಾಷನ್ ಶೋಗೆ ಬಂದಿದೀಯಾ? ಸೋಮವಾರದಿಂದ ಸೂಟಿಲ್ಲ ಅಂದ್ರೆ ಕೆಲಸಾನೂ ಇಲ್ಲ," ಎಂದರು. ಕಾರಣ ಹೇಳುವುದು ಹೇಗೆ? ಶೆಡ್ಡಿನ ಹಿಂದಿದ್ದ ಒಂದೇ ಟಾಯ್ಲೆಟ್ಟಿನ ಬಾಗಿಲಿಗೆ ಚಿಲಕವಿರಲಿಲ್ಲ. ಚೂಡಿದಾರವಾದರೆ ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡು ಹೇಗೋ ಆಗುತ್ತಿತ್ತು. ಸೂಟಾದರೆ ಹೆಗಲಿನಿಂದ ಬಿಚ್ಚಬೇಕು, ಎರಡೂ ಕೈ ಬೇಕು. ಹೊರಗೆ ಹದಿನಾಲ್ಕು ಗಂಡಸರು. ಪ್ರಾಣ ಹೋದರೂ ಮಾನ ಹೋಗಬಾರದು ಎಂದು ಕಲಿಸಿದ ಮನೆ ನಮ್ಮದು. ನಾನೂ ಪೆದ್ದಿ, ನಂಬಿದ್ದೆ.

ಸೋಮವಾರ ಬರುವ ಮೊದಲೇ, ಶನಿವಾರ, ಬಗ್ಗಿ ಕೆಲಸ ಮಾಡುತ್ತಿದ್ದಾಗ ಚೂಡಿದಾರದ ಅಂಚನ್ನು ಲೇತ್ ಹಿಡಿಯಿತು. ಒಂದು ಸುತ್ತು, ಎರಡು ಸುತ್ತು... ಹೊಟ್ಟೆ ಮೆಶೀನಿಗೆ ಒತ್ತಿಕೊಂಡಿತು, ಕೂಗಲೂ ಉಸಿರಿಲ್ಲ. ಫೋರ್‌ಮನ್ ಎಲ್ಲಿದ್ದರೋ, ಓಡಿ ಬಂದು ಒಂದು ಕೈಯಲ್ಲಿ ಸ್ವಿಚ್ ಆರಿಸಿ, ಇನ್ನೊಂದನ್ನು ನನಗೂ ಮೆಶೀನಿಗೂ ನಡುವೆ ತೂರಿಸಿದರು. ಸ್ವಿಚ್ ಆರಿಸಿದರೂ ಮೆಶೀನು ತಕ್ಷಣ ನಿಲ್ಲುವುದಿಲ್ಲ. ನನ್ನ ಬಟ್ಟೆ ಹರಿಯಿತು. ಅವರ ಕಿರುಬೆರಳು ಹೋಯಿತು.

ಕೆಲವು ದಿನಗಳ ನಂತರ ಬ್ಯಾಂಡೇಜು ಕಟ್ಟಿದ ಕೈಯಲ್ಲೇ ಬಂದರು. ಉಗಿಸಿಕೊಳ್ಳಲು ಸಿದ್ಧಳಾಗಿ ನಿಂತಿದ್ದೆ. "ಸೂಟ್ ಯಾಕೆ ಹಾಕ್ಲಿಲ್ಲ ಮಗಳೇ, ನಿಜ ಹೇಳು," ಎಂದರು. ತಲೆ ತಗ್ಗಿಸಿಕೊಂಡು ಹೇಳಿಬಿಟ್ಟೆ. ಅವರು ಶೆಡ್ಡಿನ ಹಿಂದೆ ಹೋಗಿ ಆ ಬಾಗಿಲನ್ನು ಎಳೆದು ನೋಡಿ ಬಂದರು.

"ಮೂರು ತಿಂಗಳಿಂದ ಬೈತಾ ಇದೀನಿ. ಒಂದು ಸಲಾನೂ ಕೇಳ್ಲಿಲ್ಲ ನೋಡು."

ಮಧ್ಯಾಹ್ನ ಮಾಗಡಿ ರಸ್ತೆಗೆ ಹೋಗಿ ಚಿಲಕ ತಂದರು. ಬ್ಯಾಂಡೇಜಿನ ಕೈಯಲ್ಲಿ ಅದನ್ನು ಒತ್ತಿ ಹಿಡಿದು, ಇನ್ನೊಂದರಲ್ಲಿ ಸ್ಕ್ರೂ ತಿರುಗಿಸಿದರು. ಯಾರಿಗೂ ಮುಟ್ಟಲು ಬಿಡಲಿಲ್ಲ. ಮರುದಿನದಿಂದ ನಾನು ಸೂಟು ಹಾಕಿದೆ.

ಅವರು ತೀರಿಹೋಗಿ ಎರಡು ವರ್ಷವಾಯಿತಂತೆ. ನನಗೆ ತಿಳಿದದ್ದು ಈಚೆಗೆ. ತಪ್ಪಾಯಿತು ಸಾರ್ ಎಂದು ಒಮ್ಮೆಯೂ ಹೇಳಿರಲಿಲ್ಲ. ಇನ್ನು ಯಾರಿಗೆ ಹೇಳಲಿ...

ನಿನ್ನೆ ಮಗಳು ಆ ಜಂಪ್‌ಸೂಟಿನಲ್ಲೇ ಕೆಲಸಕ್ಕೆ ಹೊರಟಳು. "ನಿಮ್ಮ ಆಫೀಸಿನ ಟಾಯ್ಲೆಟ್ಟಿಗೆ ಚಿಲಕ ಸರಿಯಾಗಿದೆಯೇನೇ?" ಎಂದೆ.

"ಏನಮ್ಮಾ, ಇದನ್ನೆಲ್ಲ ಕೇಳ್ತಾರಾ ಯಾರಾದ್ರೂ?"

"ಕೇಳ್ಬೇಕು ಕಣೇ," ಎಂದೆ. "ಕೇಳ್ದೇ ಇದ್ರೆ ನೀನಾದ್ರೂ ಬಾಯ್ಬಿಟ್ಟು ಹೇಳ್ಬೇಕು."