ಬಾವಿಯ ಗಾಲಿಗೆ ಬಿದ್ದ ಎಣ್ಣೆ

ಔಡಲೆಣ್ಣೆ ಕಾಯಿಸುವ ವಾಸನೆ ಎಲ್ಲಿಯಾದರೂ ಮೂಗಿಗೆ ಬಡಿದರೆ ಸಾಕು, ಅಳವಂಡಿಯ ನಮ್ಮ ಮನೆಯ ಹಿತ್ತಲು, ಅಲ್ಲಿನ ಸೇದುವ ಬಾವಿ, ಪಾರವ್ವತ್ತೆ ಎಲ್ಲ ಒಟ್ಟಿಗೆ ಕಣ್ಣೆದುರು ಬರುತ್ತಾರೆ. ನಿಜಾಮರ ಕಾಲ ಅದು. ಪಾರವ್ವತ್ತೆ ನಮ್ಮಪ್ಪನ ಅಕ್ಕ. ಸಣ್ಣವಳಿದ್ದಾಗ ಬಂದ ಜ್ವರದಲ್ಲಿ ಎಡಗೈ ಸೋತುಹೋಗಿತ್ತು. ಮದುವೆಯಾಗದೆ ತವರಲ್ಲೇ ಉಳಿದಳು. ಆದರೂ ಮನೆಯ ನೀರೆಲ್ಲ ಅವಳೇ ಸೇದುತ್ತಿದ್ದಳು. ಕೂತು ಉಣ್ಣುವವಳು ಎನ್ನಿಸಿಕೊಳ್ಳುವುದು ಆಕೆಗೆ ಬೇಡವಾಗಿತ್ತು. ಬಾವಿಯ ಗಾಲಿ, ಅಂದರೆ ರಾಟೆ, ಜಾಲಿ ಕಟ್ಟಿಗೆಯದು, ಅಚ್ಚೂ ಕಟ್ಟಿಗೆಯದೇ. ಬಲಗೈಯಿಂದ ಹಗ್ಗ ಎಳೆದು, ಎಡ ಕಂಕುಳಲ್ಲಿ ಒತ್ತಿ ಹಿಡಿದು, ಮತ್ತೆ ಬಲಗೈ ಚಾಚುತ್ತಿದ್ದಳು. ಆ ಗಳಿಗೆಯಲ್ಲಿ ಒಣಗಾಲಿ ಅಚ್ಚನ್ನು ಕಚ್ಚಿಕೊಂಡು ಕೊಡದ ಭಾರದಲ್ಲಿ ಒಂದಿಷ್ಟನ್ನು ತಾನೇ ತಡೆಯುತ್ತಿತ್ತು. ಅದರ ಕಿರುಗುಟ್ಟುವಿಕೆಗೆ ಓಣಿಯ ಕೂಸುಗಳೆಲ್ಲ ಎದ್ದು ಅಳುತ್ತಿದ್ದವು.

ಅಮಾವಾಸ್ಯೆಗೆ ಬಂಡಿಯ ಅಚ್ಚಿಗೆ ಔಡಲೆಣ್ಣೆ ಹಾಕುವುದು ನಮ್ಮ ಮನೆಯ ರೂಢಿ. ಒಮ್ಮೆ ಅಪ್ಪ ಉಳಿದ ಎಣ್ಣೆಯನ್ನು ಬಾವಿಯ ಗಾಲಿಗೂ ಸುರಿದ. ಅಕ್ಕನ ಕೈಗೆ ಹಗುರಾಗಲಿ ಎಂಬ ಪ್ರೀತಿ, ಬೇರೇನಲ್ಲ. ಮರುದಿನ ಗಾಲಿ ಗಪ್‌ಚಿಪ್. ಅತ್ತೆ ಕೈ ಬದಲಿಸುವಷ್ಟರಲ್ಲಿ ತುಂಬಿದ ಕೊಡ ಜರ್ರನೆ ಇಳಿಯಿತು. ಓಡುವ ಹಗ್ಗ ಹಿಡಿಯಲು ಹೋಗಿ ಬಲ ಅಂಗೈ ಸುಲಿದುಕೊಂಡಳು.

“ಇನ್ನ ಬಾವಿ ಕಡೆ ಹೋಗಬ್ಯಾಡ ಯಕ್ಕಾ. ಆಳು ಇಡ್ತೀನಿ,” ಎಂದ ಅಪ್ಪ.

“ನಿನ್ನಿ ತನಕ ಗಾಲಿ ನನ್ನ ಮಾತು ಕೇಳತಿತ್ತಪಾ. ಎಷ್ಟು ಸಡ್ಲ ಬಿಟ್ರ ಎಲ್ಲಿ ನಿಲ್ತೈತಿ ಅಂತ ನನಗ ಗೊತ್ತಿತ್ತು. ನೀ ಎಣ್ಣಿ ತಗಿ, ನನ್ನ ಮೂಲ್ಯಾಗ ಕೂಡ್ರಸಬ್ಯಾಡ.”

ಆಡಿದ ಮಾತು ಹಿಂದೆ ತೆಗೆದುಕೊಳ್ಳುವ ಮನುಷ್ಯನಲ್ಲ ನಮ್ಮಪ್ಪ. ಅವತ್ತು ಮಾತ್ರ ಗಾಲಿ ಇಳಿಸಿ ಬೂದಿ ಹಾಕಿ ತಿಕ್ಕಿದ, ಬಿಸಿನೀರು ಸುರಿದ. ಕಟ್ಟಿಗೆ ಕುಡಿದ ಎಣ್ಣೆ ಬಿಡಲಿಲ್ಲ. ಕೊನೆಗೆ ಬಡಿಗನಿಂದ ಹೊಸ ಗಾಲಿ, ಹೊಸ ಅಚ್ಚು ಮಾಡಿಸಿ ಒಣದಾಗಿಯೇ ಕೂಡಿಸಿದ. ಗಾಯ ಮಾಯ್ದ ಮೇಲೆ ಅತ್ತೆ ಮತ್ತೆ ಬಾವಿಕಟ್ಟೆ ಏರಿದಳು. ಕೂಸುಗಳು ಮತ್ತೆ ಎದ್ದವು.

ಈಗ ಅವರಿಬ್ಬರೂ ಇಲ್ಲ, ಬಾವಿಯನ್ನೂ ಮುಚ್ಚಿದ್ದಾರೆ. ಅಂಥವರ ಕೈಯಲ್ಲಿ ಬೆಳೆದೆನಲ್ಲ, ಅದು ನನ್ನ ಪುಣ್ಯ. ನನ್ನ ಮದುವೆಯಲ್ಲಿ ಮದುಮಕ್ಕಳಿಗೆ ಎರೆಯುವ ಸುರಗಿ ನೀರನ್ನು ಮುತ್ತೈದೆಯರೇ ಸೇದಬೇಕೆಂದು ಬೀಗರ ಕಡೆಯವರು ಹಗ್ಗಕ್ಕೆ ಕೈ ಹಾಕಿದ್ದರು.

“ನಮ್ಮ ಮನಿ ನೀರು ನಮ್ಮಕ್ಕನಽ ಸೇದತಾಳ್ರಿ,” ಎಂದ ಅಪ್ಪ.

ಎಲ್ಲರೂ ಸರಿದು ನಿಂತರು. ಅತ್ತೆ ಸೇದಿದ ನೀರಲ್ಲಿ ಮಿಂದು ನಾನು ಮದುಮಗಳಾದೆ.