ಫಾರಿನ್ ಕಾರು ನಿಂತರೆ ಅಪಶಕುನವಲ್ಲ

ನಮ್ಮ ಕಾರಿನ ಎಡಬಾಗಿಲು ಮುಚ್ಚಬೇಕೆಂದರೆ ಸೊಂಟದಿಂದ ಒಂದು ಸಲ ಒತ್ತಬೇಕು. ಈ ವಿದ್ಯೆ ನಮ್ಮ ಮನೆಯವರಿಗೆಲ್ಲ ಕರಗತ, ನೆಂಟರಿಗೆ ಮಾತ್ರ ಒಲಿದಿಲ್ಲ. ಅಪ್ಪಟ ಸ್ವದೇಶಿ ಕಾರು. ಕೊಳ್ಳೇಗಾಲದ ಮಾರುಕಟ್ಟೆಗೆ ವರ್ಷಗಟ್ಟಲೆ ರೇಷ್ಮೆಗೂಡು ಹೊತ್ತು ಹೊತ್ತು ಅದರ ಸೀಟಿಗೆ ಗೂಡಿನ ವಾಸನೆ ಅಂಟಿಬಿಟ್ಟಿದೆ. ಓಡಿಸುವವಳು ನಾನು, ಬೈಯುವವಳೂ ನಾನೇ. ಆದರೆ ಬೇರೆಯವರು ಬೈದರೆ ನನಗೆ ಮೈಯೆಲ್ಲ ಉರಿಯುತ್ತದೆ, ಸ್ನೇಹಿತರೇ, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನನ್ನ ಮಗಳು ಭಾಗ್ಯಳಿಗೆ ಶಾಗ್ಯ ಊರಿನ ಕಡೆಯ ಒಳ್ಳೆಯ ಸಂಬಂಧ ಕೂಡಿಬಂತು. ಹುಡುಗನನ್ನು ಅವಳೂ ಮೆಚ್ಚಿದ್ದಳು. ಮಾತು ಗಟ್ಟಿಯಾಗುವ ಮುಂಚೆ ಎರಡೂ ಮನೆಯವರು ಮಾದಪ್ಪನ ಬೆಟ್ಟಕ್ಕೆ ಹೋಗಿ ಕೈಮುಗಿದು ಬರುವುದೆಂದಾಯಿತು. ಹುಡುಗನ ಸೋದರತ್ತೆ ಒಂದು ಶಾಸ್ತ್ರ ತೆಗೆದರು: ಹೆಣ್ಣು ಕೂತ ಗಾಡಿ ಬೆಟ್ಟದ ದಾರಿಯಲ್ಲಿ ನಿಂತರೆ ಆ ಸಂಬಂಧ ಬೇಡ. ಇದು ಕಿವಿಗೆ ಬಿದ್ದದ್ದೇ ತಡ, ನನ್ನ ತಮ್ಮ ನಾಗೇಂದ್ರ ತನ್ನ ಫಾರಿನ್ ಕಾರಿನಲ್ಲಿ ಬಂದಿಳಿದ.

"ಅಕ್ಕಾ, ನಿನ್ ಡಬ್ಬ ಘಾಟೀಲಿ ಕೈ ಕೊಟ್ರೆ ಮದ್ವೆನೇ ಮುರ್ದೋಯ್ತದೆ ಕಣಕ್ಕ. ಭಾಗ್ಯ ನನ್ ಕಾರಲ್ಲಿ ಕೂರ್ಲಿ. ನೀ ಇಂದ್ಗಡೆ ಬಾ."

ಭಾಗ್ಯ, ಸೋದರತ್ತೆ ಇಬ್ಬರೂ ಅವನ ಕಾರು ಹತ್ತಿದರು. ಹುಡುಗನ ಮನೆಯ ಮಿಕ್ಕವರು ಆಗಲೇ ಬಸ್ಸಿನಲ್ಲಿ ಹೊರಟಿದ್ದರು. ನಾನು ಹಲ್ಲುಕಚ್ಚಿಕೊಂಡು ಹಿಂದೆ ಹೋದೆ. ನನ್ನ ಕಾರು ಎಂದೂ ಕೆಟ್ಟಿಲ್ಲವೆಂದು ನಾನು ಆಣೆಯಿಡುವುದಿಲ್ಲ. ಯಳಂದೂರಿನಲ್ಲಿ, ಹನೂರಿನ ಬಸ್‌ಸ್ಟ್ಯಾಂಡಿನ ಎದುರಿಗೆ, ನಾಲ್ಕು ಜನರ ಮುಂದೆ ಅದು ನನ್ನ ಮಾನ ಕಳೆದಿದೆ. ಆದರೆ ಕೆಟ್ಟುನಿಂತ ಊರಲ್ಲೇ ರಿಪೇರಿಯೂ ಆಗಿದೆ. ತಮ್ಮನ ಕಾರು ಸದ್ದಿಲ್ಲದೆ ಓಡುತ್ತದೆ, ಒಳಗೆ ತಂಪಾಗಿರುತ್ತದೆ, ಒಪ್ಪಿದೆ. ಅದಕ್ಕೊಂದು ಸಣ್ಣ ಸಾಮಾನು ಬೇಕಾದರೆ ಮಾತ್ರ, ಆ ಸಾಮಾನು ಸಮುದ್ರ ದಾಟಿ ಬರುವ ತನಕ ಅವನಿಗೆ ಬಸ್ಸೇ ಗತಿ. ಆದರೂ ಹಿತ್ತಲ ಗಿಡ ಮದ್ದಲ್ಲ. ನಮ್ಮದು ನಿಂತರೆ ಡಬ್ಬ, ಅದು ನಿಂತರೆ ಸರ್ವೀಸು. ಒಂದೇ ಕುಂದಿಗೆ ಎರಡು ಹೆಸರಿಡುವುದನ್ನೇ ಲೋಕ ಪ್ರತಿಷ್ಠೆ ಎನ್ನುತ್ತದೆಯೋ ಏನೋ.

ತಾಳಬೆಟ್ಟದಲ್ಲಿ, ಘಾಟಿ ಹತ್ತುವ ಮುನ್ನ ಎಲ್ಲರಂತೆ ನಾವೂ ಗಾಡಿಗಳಿಗೆ ಪೂಜೆ ಮಾಡಿಸಿದೆವು. ಸೋದರತ್ತೆ ಫಾರಿನ್ ಕಾರಿನ ಘನತೆಗೆ ತಕ್ಕಂತೆ ತೋಳುಗಾತ್ರದ ಚೆಂಡುಹೂವಿನ ಹಾರವನ್ನು ಅದರ ಮೂತಿಗೆ ಕಟ್ಟಿಸಿದರು. ಒಂದೆರಡು ತಿರುವು ಹತ್ತಿತೋ ಇಲ್ಲವೋ, ಕಾರು ಕೀಂ ಕೀಂ ಎಂದು ಕಿರುಚಿ ತಾನೇ ಬ್ರೇಕು ಹಾಕಿಕೊಂಡು ನಿಂತಿತು. ಮತ್ತೆ ಬಿಟ್ಟರೆ ಮತ್ತೆ ಅದೇ. ನಾನೂ ಹಿಂದೆ ನಿಲ್ಲಿಸಿ ಇಳಿದೆ. ನಾಗೇಂದ್ರ ಶೋರೂಮಿಗೆ ಫೋನು ಮಾಡಿದ. ಮೂತಿಯಲ್ಲಿರುವ ಸೆನ್ಸರನ್ನು ಹಾರ ಮುಚ್ಚಿದೆ, ಎದುರಿಗೆ ಏನೋ ಅಡ್ಡ ಬಂದಿದೆಯೆಂದು ಕಾರು ತಿಳಿದುಕೊಂಡಿದೆ, ಹಾರ ತೆಗೆಯಿರಿ ಎಂದರಂತೆ.

"ಮಾದಪ್ಪನ್ ದಾರೀಲಿ ಕಟ್ಟಿದ್ ಆರವ ಕಿತ್ತಾರಾ? ಮುಟ್ಬೇಡಿ!" ಎಂದ ಸೋದರತ್ತೆ ದನಿ ತಗ್ಗಿಸಿ, "ಎಣ್ ಕೂತ ಗಾಡಿ ನಿಂತೋಯ್ತಲ್ಲಪ್ಪಾ" ಎಂದರು.

ತಮ್ಮ ಬೆವೆತುಹೋದ. "ಇದು ಕೆಟ್ಟಿಲ್ಲ ಅಮ್ಮಾ, ಬುದ್ಧಿ ಇರೋ ಕಾರು. ಅದಕ್ಕೇ ನಿಂತದೆ."

"ಓ, ಬುದ್ಧಿಗ್ ನಿಂತದಾ? ಅಂಗಾದ್ರೆ ಶಕುನ ಅಲ್ಲ ಬುಡು."

ಮದುವೆ ಉಳಿಯಿತು. ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ನನ್ನಿಂದಾಗಲಿಲ್ಲ. "ನನ್ ಕಾರು ನಿಂತಿದ್ರೆ ಏನಂತಿದ್ರಿ ಅಮ್ಮಾ?" ಎಂದೆ.

"ನಿಮ್ದು ನಿಂತ್ರೆ ಕೆಟ್ಟೋಯ್ತು ಅಂತ್ಲೇ ಅಲ್ವಾ?"

ಆಗ ಭಾಗ್ಯ ಆ ತಣ್ಣನೆಯ ಕಾರಿನಿಂದ ಇಳಿದಳು. ನನ್ನ ಪಕ್ಕಕ್ಕೆ ಬಂದು, ಸೋದರತ್ತೆಯ ಮುಖವನ್ನೇ ನೋಡುತ್ತ ಕೇಳಿದಳು:

"ಅತ್ತೆ, ನಾಳೆ ನಿಮ್ಮನೇಲಿ ಯಾವುದೋ ಒಂದ್ ಮಾತ್ಗೆ ನಾನು ಒಪ್ಪಲ್ಲ ಅಂತ ನಿಂತ್ಕತೀನಿ. ಆಗ ನಂಗೆ ಬುದ್ಧಿ ಅದೆ ಅಂತೀರೋ, ಕೆಟ್ಟೋದೆ ಅಂತೀರೋ? ಅದ ಹೇಳಿ. ಆಮೇಲೆ ಬೆಟ್ಟ ಹತ್ತಾನ."

ಹಿಂದೆ ಬಸ್ಸು, ಜೀಪು ಸಾಲುಗಟ್ಟಿ ಹಾರ್ನ್ ಬಾರಿಸುತ್ತಿದ್ದವು. ತಮ್ಮ ನನಗೆ ಕಣ್ಸನ್ನೆ ಮಾಡಿದ, ಮಗಳನ್ನು ಸುಮ್ಮನಿರಿಸು ಎಂದು. ನಾನು ನನ್ನ ಕಾರಿನ ಕೀಲಿಯನ್ನು ಸೆರಗಿನ ತುದಿಗೆ ಗಂಟುಹಾಕಿಕೊಂಡು, ಮಗಳ ಜೊತೆ ಉತ್ತರಕ್ಕೆ ಕಾಯುತ್ತ ನಿಂತೆ.