ಸೂಜಿಯಕ್ಕನ ಎಡಗೈ

ಬಾಳಗಡಿಯಲ್ಲಿ ನರ್ಸಿಂಗ್ ಓದುವ ಭಾರ್ಗವಿ ಲಸಿಕೆ ಹಾಕಲು ಯಾವ ಶಾಲೆಗೆ ಹೋದರೂ ಅಲ್ಲಿನ ಮಕ್ಕಳಿಗೆ ಸೂಜಿಯಕ್ಕ. ಇವಳು ಬಂದಳೆಂದರೆ ಜಂಬದ ಹುಡುಗರಿಗೆಲ್ಲ ಒಟ್ಟಿಗೇ ಒಂದಕ್ಕೆ ಅವಸರವಾಗುತ್ತದೆ. ಅವರನ್ನು ಬಾಗಿಲಲ್ಲೇ ಹಿಡಿದು ಸಾಲಿನ ಮುಂದೆ ನಿಲ್ಲಿಸುತ್ತಾಳೆ. ನೋವಾಗುವುದಿಲ್ಲ ಎಂದು ಸುಳ್ಳು ಹೇಳುವವಳಲ್ಲ. “ನೋವಾಗ್ತದೆ ಮಾರಾಯ. ಆಮೇಲೆ ನೀನೂ ನಂಗೊಂದು ಚಿವುಟು, ಲೆಕ್ಕ ಚುಕ್ತಾ” ಎನ್ನುತ್ತ, ಅವನು ಯೋಚಿಸುವಷ್ಟರಲ್ಲಿ ಚುಚ್ಚಿ ಮುಗಿಸಿ ಎಡಗೈ ಚಾಚುತ್ತಾಳೆ. ಮಕ್ಕಳು ದಾಕ್ಷಿಣ್ಯ ಮಾಡುವುದಿಲ್ಲ. ಸಂಜೆ ಕೊಪ್ಪದ ಬಸ್ಸಿನಲ್ಲಿ ಗೆಳತಿ “ಎಂತಾಯ್ತೇ ಕೈಗೆ?” ಎಂದು ಗಾಬರಿಯಾದರೆ, “ಇವತ್ತು ಒಬ್ರೂ ಆಬ್ಸೆಂಟ್ ಇಲ್ಲ ಮಾರಾಯ್ತಿ” ಎಂದು ನಗುತ್ತಾಳೆ. ಇಂಥವಳು ಸಾಲಿನಲ್ಲಿ ಮುಂದಿನವರನ್ನು ಕರೆಯಲು ಮರೆತದ್ದು ಒಂದೇ ಸಲ, ಕೆರೆಕಟ್ಟೆಯ ಶಾಲೆಯಲ್ಲಿ: ಅಳುತ್ತಲೇ ಚುಚ್ಚಿಸಿಕೊಂಡ ಪುಟ್ಟ ಹುಡುಗಿಯೊಬ್ಬಳು, ಚಾಚಿದ ಕೈಯ ಕೆಂಪು ಗುರುತುಗಳನ್ನು ನೋಡಿ, ಚಿವುಟದೆ ಅವುಗಳ ಮೇಲೆ ಮೆಲ್ಲಗೆ ಊದಿದಾಗ.